ಬಿಸಿಯಾದರೆ ನಿಲ್ಲುವ ಬೈಕು: ಸಿಡಿಐ ಹೋಗಿದೆಯೇ?

ಪ್ರಶ್ನೆ: ನನ್ನದು 2003ರ 100 ಸಿಸಿ ಬೈಕು. ಕುಮಟಾದಿಂದ ಶಿರಸಿಗೆ ಬರುವಾಗ ದೇವಿಮನೆ ಘಟ್ಟದಲ್ಲಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಸಿಡಿಐ (ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಎಲೆಕ್ಟ್ರಾನಿಕ್ ಡಬ್ಬಿ) ಬದಲಿಸಿ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಅದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದೇ?
– ಓದುಗರು, ಶಿರಸಿ

ಉತ್ತರ: ಮಾಡಬಹುದು. ಆದರೆ ಗಾಡಿ ತಣ್ಣಗಿದ್ದಾಗ ಎಲ್ಲವೂ ಸರಿಯಾಗೇ ಇರುತ್ತದೆ, ಅಲ್ವಾ? ಹಾಗಾಗಿ ಮೊದಲ ಪರೀಕ್ಷೆ ಘಟ್ಟದಲ್ಲೇ ಆಗಬೇಕು.

ಚೆನ್ನಾಗಿರುವ ಒಂದು ಸ್ಪಾರ್ಕ್ ಪ್ಲಗ್ ಮತ್ತು ತುಂಡು ವೈರು ಜೊತೆಗಿರಲಿ. ಗಾಡಿ ನಿಂತ ಕೂಡಲೇ ಪ್ಲಗ್ ಕ್ಯಾಪ್ ಎಳೆದು ಈ ಪ್ಲಗ್ಗಿಗೆ ಹಾಕಿ. ಪ್ಲಗ್ಗಿನ ಲೋಹದ ಮೈಯನ್ನು ವೈರಿನಿಂದ ಎಂಜಿನ್‌ಗೆ ಬಿಗಿಯಾಗಿ ಕಟ್ಟಿ, ಚಾವಿ ಆನ್ ಮಾಡಿ ಕಿಕ್ ಹೊಡೆಯಿರಿ. ಕೈಯಲ್ಲಿ ಹಿಡಿಯಬೇಡಿ, ಸಾವಿರಾರು ವೋಲ್ಟ್ ಹರಿಯುತ್ತದೆ. ಎಂಜಿನ್ನಿನಲ್ಲಿರುವ ಪ್ಲಗ್ ಬಿಚ್ಚಲೂಬೇಡಿ, ಆ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಾಗಬಹುದು. ಕ್ಯಾಪನ್ನು ಸುಮ್ನೆ ನೇತಾಡಲು ಬಿಟ್ಟು ಕಿಕ್ ಹೊಡೆದರೆ ಚೆನ್ನಾಗಿರುವ ಸಿಡಿಐ ಕೂಡ ಸುಡುವ ಭಯವಿದೆ.

ಗಟ್ಟಿ ನೀಲಿ ಕಿಡಿ ಬಂತೇ? ಹಾಗಿದ್ದರೆ ಸಿಡಿಐ ಬಗ್ಗೆ ಅನುಮಾನ ಬೇಡ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆ ಎಳೆದ ಸದ್ದು ಬಂದರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಅದಕ್ಕೇ ಪೆಟ್ರೋಲ್ ಇಳಿಯುತ್ತಿಲ್ಲ. ಲಕ್ಷಣ ಮಾತ್ರ ನೀವು ಬರೆದದ್ದೇ. ನಾನು ಗ್ಯಾರೇಜ್ ಶುರು ಮಾಡಿದ ವರ್ಷ ಇದು ತಿಳಿಯದೆ ಒಬ್ಬರ ಸಿಡಿಐ ಬದಲಿಸಿದ್ದೆ. ಮರುದಿನ ಅವರ ಗಾಡಿ ಅದೇ ಏರಿನಲ್ಲಿ ನಿಂತಿತು. ಹಣ ವಾಪಸ್ ಕೊಟ್ಟೆ. ಅಂದಿನಿಂದ ಕಿಡಿ ನೋಡದೆ ಯಾವ ಭಾಗವನ್ನೂ ಬದಲಿಸಿಲ್ಲ.

ಕಿಡಿ ಬರದಿದ್ದರೂ ಸಿಡಿಐ ಮೇಲೇ ತಪ್ಪು ಹೊರಿಸಬೇಡಿ. ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಪಕ್ಕದ ಪಲ್ಸರ್ ಕಾಯಿಲ್ (ಕಿಡಿಯ ಹೊತ್ತನ್ನು ತಿಳಿಸುವ ತಂತಿ ಸುರುಳಿ) ಸಿಗ್ನಲ್ ಕೊಟ್ಟರೆ ಮಾತ್ರ ಸಿಡಿಐ ಕೆಲಸ ಮಾಡುತ್ತದೆ. ಬಿಸಿಯಲ್ಲಿ ಆ ಕಾಯಿಲಿನ ತಂತಿಯೂ ಬಿಟ್ಟುಕೊಳ್ಳಬಹುದು. ಗಾಡಿ ಬಿಸಿ ಇರುವಾಗಲೇ ಅದರ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. ತಣ್ಣಗಿದ್ದಾಗ ಅಂಕಿ ತೋರಿಸಿ ಈಗ ಏನೂ ತೋರಿಸದಿದ್ದರೆ ದೋಷ ಅಲ್ಲೇ ಇದೆ.

ಸಿಡಿಐ ಸರಿಯಿದೆಯೇ ಎಂದು ತಿಳಿಯಲು ಮಾತ್ರ ಮೀಟರನ್ನು ನಂಬಬೇಡಿ. ಅದೇ ಮಾಡೆಲ್ ಗಾಡಿ ಇರುವ ನೆಂಟರಿಂದ ಒಂದು ದಿನಕ್ಕೆ ಅವರ ಸಿಡಿಐ ಕೇಳಿ, ಹಾಕಿಕೊಂಡು ಘಟ್ಟ ಹತ್ತಿ. ಅದು ಸಿಗದಿದ್ದರೆ ಮನೆಯಂಗಳದಲ್ಲೇ ಗಾಡಿ ಸ್ಟಾರ್ಟ್ ಮಾಡಿ, ಬೆನ್ನುನೋವಿಗೆ ಇಡುವ ಬಿಸಿನೀರಿನ ರಬ್ಬರ್ ಚೀಲವನ್ನು ಸಿಡಿಐಗೆ ಒತ್ತಿ ಹತ್ತು ನಿಮಿಷ ಇಡಿ. ಬಾಗಿಲು ತೆರೆದಿದ್ದರೂ ಒಳಗೆ ಮಾಡಬೇಡಿ, ಹೊಗೆ ವಿಷ. ಎಂಜಿನ್ ನಿಂತರೆ ಕಳ್ಳ ಸಿಕ್ಕಿದಂತೆ. ನಿಲ್ಲದಿದ್ದರೆ ಅದೇ ಚೀಲವನ್ನು ಪ್ಲಗ್ಗಿನ ದಪ್ಪ ವೈರು ಹೊರಡುವ ಇಗ್ನಿಷನ್ ಕಾಯಿಲ್ ಮೇಲೂ ಇಟ್ಟು ನೋಡಿ.