ಮನೆಯಲ್ಲಿ ಮಾಡಿದ ನಿಂಬೆ ಕ್ರೀಮಿಗೆ ಪ್ಯಾಚ್ ಟೆಸ್ಟ್ ಸಾಕಾ, ಲ್ಯಾಬಿಗೆ ಕಳಿಸಬೇಕಾ?

ನಾಲ್ಕು ಜನರ ಮೊಣಕೈ ಒಳಗೆ ಹಚ್ಚಿ ನೋಡಿದ್ದೀರಿ, ಯಾರಿಗೂ ಏನೂ ಆಗಿಲ್ಲ, ಇನ್ನು ಮಾರಬಹುದಾ ಅಥವಾ ಲ್ಯಾಬ್ ಟೆಸ್ಟ್ ಬೇಕಾ ಅಂತ ಕೇಳಿದ್ದೀರಿ. ಜೊತೆಗೆ ಒಂದು ಕೂದಲೆಣ್ಣೆ ಬಗ್ಗೆಯೂ ಕೇಳಿದ್ದೀರಿ. ಆದರೆ ಕ್ರೀಮಿನಲ್ಲಿ ನಿಂಬೆಸಿಪ್ಪೆ ಇದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಎದೆ ಧಸಕ್ ಅಂತು.

ನಾನು ವಿಜಯಪುರದವಳು. ಅವ್ವನ ತವರು ಇಂಡಿ ತಾಲೂಕು. ನಿಂಬೆ ರೇಟು ಬಿದ್ದ ವರ್ಷ ಮಾವ ಚೀಲಗಟ್ಟಲೆ ಹಣ್ಣು ತಂದು ನಮ್ಮ ಪಡಸಾಲೆಯಲ್ಲಿ ಇಳಿಸುತ್ತಿದ್ದ. ಉಪ್ಪಿನಕಾಯಿ ಹಾಕಿದರೂ ಮುಗಿಯುತ್ತಿರಲಿಲ್ಲ. ಹಾಗೆ ಶುರುವಾಗಿದ್ದು ನನ್ನ ಕ್ರೀಮ್. ಹಸಿ ಸಿಪ್ಪೆ ಹೆರೆದು ಕೊಬ್ಬರಿ ಎಣ್ಣೆಗೆ ಹಾಕಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ ಸೋಸುವುದು. ಅದಕ್ಕೆ ಜೇನುಮೇಣ, ಚಿಟಿಕೆ ಅರಿಶಿನ. ವಾಸನೆ ಎಷ್ಟು ಚೆನ್ನಾಗಿತ್ತು ಅಂದರೆ ಮೂಸಿದವರು ಡಬ್ಬಿ ಕೆಳಗಿಡುತ್ತಿರಲಿಲ್ಲ.

ಟೆಸ್ಟ್ ಮಾಡದೆ ಮಾರಿದವಳಲ್ಲ ನಾನು. ಆರು ಜನರ ಮೊಣಕೈ ಒಳಮಗ್ಗುಲಿಗೆ ಮೂರು ರಾತ್ರಿ ಹಚ್ಚಿದ್ದೆ. ಯಾರಿಗೆ, ಯಾವತ್ತು, ಕೆಂಪಾಯಿತಾ, ತುರಿಸಿತಾ ಅಂತ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆದಿದ್ದೆ. ಎಲ್ಲರ ಮುಂದೆಯೂ 'ಇಲ್ಲ' ಅಂತಲೇ ಇತ್ತು. ಸಂಘದ ಹೆಂಗಸರ ಮೂಲಕ ಮೂವತ್ತೆರಡು ಡಬ್ಬಿ ಹೋದವು.

ಪಕ್ಕದ ಮನೆಯ ಹುಡುಗಿಗೆ ಮದುವೆ ನಿಶ್ಚಯ ಇತ್ತು, ಹದಿನೈದು ದಿನಕ್ಕೆ. ಮಾರ್ಚ್ ತಿಂಗಳು. ಬೆಳಿಗ್ಗೆ ಬಂದು 'ಅಕ್ಕಾ, ನನಗೂ ಸ್ವಲ್ಪ ಹಚ್ಚ ಬಾ' ಅಂದಳು. ನಾನೇ ಎರಡು ಬೆರಳಲ್ಲಿ ತೆಗೆದು ಕೆನ್ನೆಗೆ ಹಚ್ಚಿದೆ. ಉಳಿದಿದ್ದನ್ನು ಕುತ್ತಿಗೆಯ ಎರಡೂ ಕಡೆ ಸವರಿದೆ. ಅವಳು ಅಲ್ಲಿಂದ ಸೀದಾ ಹೊಲಕ್ಕೆ ಹೋದಳು. ಅವತ್ತು ಬಿಳಿಜೋಳದ ರಾಶಿ ಇತ್ತು.

ಮರುದಿನ ಸಂಜೆ 'ಕುತ್ತಿಗಿ ಭಾಳ ಉರಿಯಾಕತ್ತೈತಿ ಅಕ್ಕಾ' ಅಂತ ಬಂದಳು. ಬಿಸಿಲಿಗೆ ಬೆವರುಸಾಲೆ ಎದ್ದಿರಬೇಕು ಅಂದೆ. ಮೂರನೇ ದಿನ ನೀರುಗುಳ್ಳೆ. ಅವು ಒಣಗಿ ಕಪ್ಪಾದಾಗ ನನಗೆ ಕಂಡಿದ್ದನ್ನು ಇವತ್ತಿಗೂ ಮರೆಯಲು ಆಗಿಲ್ಲ. ಅವಳ ಕುತ್ತಿಗೆಯ ಬಲಗಡೆ ನಾಲ್ಕು ಪಟ್ಟಿ. ಕಿವಿಯ ಕೆಳಗಿನಿಂದ ಹೆಗಲಿನ ತನಕ, ಮೇಲೆ ದಪ್ಪ, ಕೆಳಗೆ ಸಣ್ಣ. ನಾನು ಕೈ ಹಿಡಿದು ನೋಡಿದೆ. ಅವು ನನ್ನ ಬೆರಳುಗಳು.

ಚರ್ಮದ ಡಾಕ್ಟರು ಆ ಪಟ್ಟಿ ನೋಡಿದವರೇ ಕೇಳಿದ ಮೊದಲ ಪ್ರಶ್ನೆ: 'ನಿಂಬೆಹಣ್ಣಿನದು ಏನಾದರೂ ಹಚ್ಚಿ ಬಿಸಿಲಿಗೆ ಹೋಗಿದ್ದೆಯಾ?'

ಇದಕ್ಕೆ ಫೈಟೋಫೋಟೋಡರ್ಮಟೈಟಿಸ್ ಅಂತಾರೆ. ನಿಂಬೆಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟೆನ್‌ನಂಥ, ಫ್ಯುರಾನೊಕೌಮರಿನ್ ಅನ್ನುವ ರಾಸಾಯನಿಕಗಳು ಇರುತ್ತವೆ. ಚರ್ಮದ ಮೇಲೆ ಸುಮ್ನೆ ಕೂತಿದ್ದರೆ ಏನೂ ಮಾಡುವುದಿಲ್ಲ. ಬಿಸಿಲಿನ ಯುವಿಎ ಕಿರಣ ಬಿದ್ದರೆ ಸುಟ್ಟ ಗಾಯವೇ ಆಗುತ್ತದೆ. ಹಚ್ಚಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಚರ್ಮ ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತದೆ, ಅಂದರೆ ಅವಳು ಹೊಲಕ್ಕೆ ಹೋಗಿ ನಿಂತ ಹೊತ್ತು. ಉರಿ ಏಳುವುದು ಒಂದು ದಿನ ಬಿಟ್ಟು. ಎರಡು ಮೂರು ದಿನಕ್ಕೆ ಜೋರಾಗುತ್ತದೆ. ಕಪ್ಪು ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಇದು ಅಲರ್ಜಿ ಅಲ್ಲ. ಅದಕ್ಕೇ 'ನನ್ನ ಚರ್ಮ ಗಟ್ಟಿ, ನನಗೇನೂ ಆಗಲ್ಲ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಸಾಕಷ್ಟು ಎಣ್ಣೆ, ಸಾಕಷ್ಟು ಬಿಸಿಲು ಸೇರಿದರೆ ಯಾರಿಗಾದರೂ ಆಗಬಹುದು.

ಈಗ ನನ್ನ ತಪ್ಪಿಗೆ ಬರ್ತೀನಿ. ನಿಂಬೆ ಹಾಕಿದ್ದೇ ತಪ್ಪು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಟೆಸ್ಟೇ ನನಗೆ ಸುಳ್ಳು ಹೇಳಿತ್ತು. ಮೊಣಕೈ ಒಳಗಡೆ ಬಿಸಿಲು ಬೀಳುತ್ತದಾ? ಕುಪ್ಪಸದ ತೋಳು ಮುಚ್ಚದಿದ್ದರೂ ಕೈ ಮಡಚಿದರೆ ಅದು ಒಳಗೇ ಹೋಗುತ್ತದೆ. ಅದನ್ನೂ ನಾನು ಹಚ್ಚಿದ್ದು ರಾತ್ರಿ. ಬೆಳಿಗ್ಗೆ ಎದ್ದ ಕೂಡಲೇ ಸೋಪು ಹಾಕಿ ತೊಳೆಸಿದ್ದೆ. ಟೆಸ್ಟ್ ಮಾಡಿದ ತಿಂಗಳಾದರೂ ಯಾವುದು? ಶ್ರಾವಣ, ಮೋಡ ಮುಚ್ಚಿದ ದಿನಗಳು. ಆರು ಜನರಲ್ಲಿ ಐವರು ಮನೆಯಲ್ಲೇ ಇರುವವರು. ಅಂದರೆ ನಾನು ಕತ್ತಲಲ್ಲಿ, ಮಳೆಗಾಲದಲ್ಲಿ, ಮನೆಯೊಳಗೆ ಪರೀಕ್ಷೆ ಮಾಡಿ ವಿಜಯಪುರದ ಬೇಸಿಗೆಯಲ್ಲಿ ಮುಖಕ್ಕೆ ಹಚ್ಚಿಕೊಳ್ಳಲು ಕೊಟ್ಟೆ. ನೋಟ್‌ಬುಕ್ಕಿನಲ್ಲಿ ಹೆಸರು, ತಾರೀಖು, ತುರಿಕೆ ಎಲ್ಲಕ್ಕೂ ಒಂದೊಂದು ಕಾಲಮ್ ಇತ್ತು. ಬಿಸಿಲಿಗೆ ಇರಲಿಲ್ಲ. ಒಂದು ಕಾಲಮ್ ಹಾಕಿದ್ದರೆ 'ಇವರಲ್ಲಿ ಯಾರಾದರೂ ಹೊರಗೆ ಹೋಗಿದ್ದರಾ' ಅಂತ ನನಗೇ ಹೊಳೆಯುತ್ತಿತ್ತು. ಇಷ್ಟು ವರ್ಷ ಆದರೂ ಆ ಪುಟ ತೆಗೆದು ನೋಡ್ತೀನಿ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪ್ಯಾಚ್ ಟೆಸ್ಟಾ, ಲ್ಯಾಬಾ ಅಂತ ಆರಿಸುವ ಮಾತೇ ಅಲ್ಲ ಇದು. ನೀವು ಮಾಡಿದ ಪ್ಯಾಚ್ ಟೆಸ್ಟ್ ಅಲರ್ಜಿಗೂ ಪೂರ್ತಿ ಸಾಲದು. ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ. ತೆಗೆದಾಗ ಒಮ್ಮೆ, 72 ಅಥವಾ 96 ಗಂಟೆಗೆ ಮತ್ತೊಮ್ಮೆ ನೋಡುತ್ತಾರೆ. ಯಾಕಂದರೆ ಈ ಅಲರ್ಜಿ ತಡವಾಗಿ ಏಳುತ್ತದೆ. ಬೆಳಕಿನ ಅನುಮಾನ ಇದ್ದರೆ ಎರಡು ಜೊತೆ ಪಟ್ಟಿ ಅಂಟಿಸುತ್ತಾರೆ. ಒಂದರ ಜಾಗಕ್ಕೆ ಯುವಿಎ ಬಿಟ್ಟು, ಇನ್ನೊಂದನ್ನು ಮುಚ್ಚಿಡುತ್ತಾರೆ. ಮಾಳಿಗೆ ಮೇಲೆ ನಿಂತು ಇದನ್ನು ನೀವೇ ಮಾಡಲು ಹೋಗಬೇಡಿ, ದಯವಿಟ್ಟು.

ಲ್ಯಾಬಿನಲ್ಲೂ ಅದೇ ಕಥೆ. ಪಿಎಚ್, ಬ್ಯಾಕ್ಟೀರಿಯಾ ಲೆಕ್ಕ, ಸೀಸ, ಪಾದರಸ ನೋಡಿ ರಿಪೋರ್ಟ್ ಕೊಟ್ಟರೆ ಅದರಲ್ಲಿ ನನ್ನ ಕ್ರೀಮ್ ಪಾಸಾಗುತ್ತಿತ್ತೋ ಏನೋ. ಬೆಳಕಿಗೆ ಬೇರೆ ಪರೀಕ್ಷೆ ಇದೆ, 3ಟಿ3 ಅಂತ. ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಪದಾರ್ಥ ಹಾಕಿ, ಒಂದು ತಟ್ಟೆಯನ್ನು ಬೆಳಕಿಗೂ ಒಂದನ್ನು ಕತ್ತಲಿಗೂ ಇಟ್ಟು ಎಷ್ಟು ಸತ್ತವು ಅಂತ ನೋಡುವುದು. ನಮ್ಮ ದೇಶದಲ್ಲಿ ಕಾಸ್ಮೆಟಿಕ್‌ಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು 2014ರಲ್ಲೇ ನಿಷೇಧ ಆಗಿದೆ, ಹಾಗಾಗಿ ಇಂಥ ದಾರಿಗಳೇ ಬೇಕು. ಆದರೆ ನೀವು ಬಾಯಿಬಿಟ್ಟು ಕೇಳಬೇಕು. ಕೇಳಲು, ನಿಮ್ಮ ಸಾಮಾನನ್ನು ಯಾರು ಯಾವ ಹೊತ್ತಿನಲ್ಲಿ ಎಲ್ಲಿ ಹಚ್ಚಿಕೊಳ್ಳುತ್ತಾರೆ ಅನ್ನುವುದು ನಿಮಗೆ ಮೊದಲು ಗೊತ್ತಿರಬೇಕು.

ನಿಂಬೆ ವಿಷಯದಲ್ಲಂತೂ ಯಾವ ಟೆಸ್ಟೂ ಬೇಡ, ಉತ್ತರ ಗೊತ್ತಿರುವುದೇ. ಮುಖದ ಕ್ರೀಮಿನಿಂದ ಹಸಿ ಸಿಪ್ಪೆ ತೆಗೆದುಬಿಡಿ. ಹಿಂಡಿ ತೆಗೆದ ನಿಂಬೆ ಎಣ್ಣೆಗೆ, ಬಿಸಿಲಿಗೆ ಒಡ್ಡುವ ಚರ್ಮಕ್ಕೆ ಹಚ್ಚಿ ಬಿಡುವಂಥವುಗಳಲ್ಲಿ ಸುಗಂಧ ಉದ್ಯಮದವರೇ 0.7 ಶೇಕಡಾ ಮಿತಿ ಇಟ್ಟಿದ್ದಾರೆ. ಹೆರೆದ ಸಿಪ್ಪೆಯಿಂದ ನಿಮ್ಮ ಡಬ್ಬಿಗೆ ಎಷ್ಟು ಇಳಿಯಿತು ಅಂತ ಅಡುಗೆಮನೆಯಲ್ಲಿ ಅಳೆಯಲು ಆಗಲ್ಲ. ವಾಸನೆ ಬೇಕೇ ಬೇಕು ಅಂದರೆ ಭಟ್ಟಿ ಇಳಿಸಿದ ನಿಂಬೆ ಎಣ್ಣೆ ಸಿಗುತ್ತದೆ, ಅದರಲ್ಲಿ ಈ ಫ್ಯುರಾನೊಕೌಮರಿನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಹೊಟ್ಟಿಗೆ ಅಂತ ತಲೆಗೆ ನಿಂಬೆ ಹಚ್ಚಿಕೊಂಡು ಅಂಗಳದಲ್ಲಿ ಕೂರುವವರಿಗೂ ಹಣೆ ಮೇಲೆ ಇಳಿದ ಜಾಗದಲ್ಲಿ ಇದೇ ಕಲೆ ಬರಬಹುದು.

ಕೂದಲೆಣ್ಣೆ ಬಗ್ಗೆ ಒಂದೇ ಮಾತು. 'ಉದುರುವುದು ನಿಂತಿತು' ಅಂತ ಮೂರು ಜನ ಹೇಳಿದ್ದಾರೆ ಅಂತ ಬರೆದಿದ್ದೀರಿ. ಅವರಿಗೆ ಅದಕ್ಕೆ ಮೊದಲು ಜ್ವರ ಬಂದಿತ್ತಾ, ಹೆರಿಗೆ ಆಗಿತ್ತಾ ಕೇಳಿ. ಟೈಫಾಯ್ಡ್, ಡೆಂಗಿ, ಬಾಣಂತನ ಇವಾದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಆಮೇಲೆ ಹೆಚ್ಚಿನವರಿಗೆ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿ ಯಾವ ಎಣ್ಣೆ ಇರುತ್ತದೋ ಅದಕ್ಕೆ ಹೆಸರು ಬರುತ್ತದೆ. ಕೂದಲು ಬೆಳೆಯುವುದೇ ತಿಂಗಳಿಗೆ ಒಂದು ಸೆಂಟಿಮೀಟರ್ ಆಸುಪಾಸು. ಹದಿನೈದು ದಿನದ ಫೋಟೋ ಇಟ್ಟುಕೊಂಡು ಯಾರಿಗೂ ಮಾತು ಕೊಡಬೇಡಿ. ಮತ್ತೆ, ಮಾರುವುದಕ್ಕೆ ತಯಾರಿಸಬೇಕಾದರೆ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ರಾಜ್ಯದಿಂದ ಲೈಸೆನ್ಸ್ ಬೇಕು. ನನ್ನ ಹತ್ತಿರ ಇರಲಿಲ್ಲ. ಬೇಕು ಅಂತಲೇ ಗೊತ್ತಿರಲಿಲ್ಲ.

ಆ ಹುಡುಗಿ ನಿಶ್ಚಯದ ದಿನ ಸೆರಗನ್ನು ಕುತ್ತಿಗೆ ತುಂಬ ಹೊದ್ದು ಕೂತಿದ್ದಳು. ಫೋಟೋ ತೆಗೆಯುವವನು ಸರಿಸು ಅಂದಾಗಲೆಲ್ಲ ಅವರವ್ವ ನನ್ನ ಕಡೆ ನೋಡುತ್ತಿದ್ದರು. ಕಲೆ ಪೂರ್ತಿ ಹೋಗಲು ದೀಪಾವಳಿ ತನಕ ಹಿಡಿಯಿತು. ನಾನು ಮೂವತ್ತು ಮನೆಗೂ ಹೋಗಿ ಡಬ್ಬಿ ವಾಪಸ್ ತಂದು ದುಡ್ಡು ಕೊಟ್ಟು ಬಂದೆ. ಉಳಿದ ಎರಡು ಡಬ್ಬಿ ಊರು ಬಿಟ್ಟು ಸೋಲಾಪುರಕ್ಕೆ ಹೋಗಿದ್ದವು, ಅವರಿಗೆ ಫೋನ್ ಮಾಡಿದೆ.

ನೀವು ಹಚ್ಚಿ ನೋಡಿದ ಆ ನಾಲ್ಕು ಜನರ ಹತ್ತಿರ ಕ್ರೀಮ್ ಇನ್ನೂ ಇದೆಯಾ? ಇದ್ದರೆ ಇವತ್ತೇ ತಗೊಂಡು ಬನ್ನಿ. ನಾಳೆ ಬಿಸಿಲು ಏರುವ ಮುಂಚೆ.