ಫಾಕ್ಸ್‌ಪ್ರೊ ಒಂದನ್ನೇ ನಂಬಿ ಬದುಕೋಕೆ ಆಗುತ್ತಾ?

ಒಂದೇ ಹಳೇ ಪ್ರೋಗ್ರಾಮಿಂಗ್ ಭಾಷೆ ಹಿಡಿದು ಕೊನೆತನಕ ದುಡಿದವರು ಯಾರಾದರೂ ಇದ್ದೀರಾ ಎಂದು ಕೇಳಿದ್ದೀರಿ. ನಾನಿದ್ದೇನೆ, ನನ್ನ ಭಾಷೆ ಫಾಕ್ಸ್‌ಪ್ರೊ. ಶಿವಮೊಗ್ಗ ಕಡೆಯ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ತೊಂಬತ್ತರ ದಶಕದಲ್ಲಿ, ವಿಂಡೋಸ್‌ಗಿಂತ ಹಿಂದಿನ ಡಾಸ್ ಮೇಲೆ ಫಾಕ್ಸ್‌ಪ್ರೊ 2.6ರಲ್ಲಿ ಶುರು ಮಾಡಿದೆ. ಈಗ ವಿಷುಯಲ್ ಫಾಕ್ಸ್‌ಪ್ರೊ 9.

ಇದರಲ್ಲಿ ಭಾಷೆ ಬೇರೆ, ಮಾಹಿತಿ ಕೂಡಿಡುವ ಡೇಟಾಬೇಸ್ ಬೇರೆ ಅಂತಿಲ್ಲ. 'ಯೂಸ್' ಅಂದರೆ ಫೈಲ್ ತೆರೆಯುತ್ತದೆ, 'ಬ್ರೌಸ್' ಅಂದರೆ ಎಲ್ಲ ಕಣ್ಣ ಮುಂದೆ. "ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆ ಬಗೆಗಳು ಪಟ್ಟಿಯಲ್ಲಿ ಬೇರೆ ಬೇರೆ ಬರಲಿ, ಹಮಾಲಿ ಕೊನೆಗೆ ಕಳೀರಿ" ಅಂತ ಸಾಹುಕಾರರು ಹೇಳಿದರೆ, ಅವರು ತರಿಸಿದ ಕಾಫಿ ಮುಗಿಯೋದರೊಳಗೆ ಅಲ್ಲೇ ಕೂತು ಬದಲಾಯಿಸಿ ಪ್ರಿಂಟ್ ತೆಗೆದುಕೊಡಬಹುದು. 2000ನೇ ಇಸವಿ ಬಂದಾಗ, ವರ್ಷವನ್ನು ಎರಡೇ ಅಂಕಿಯಲ್ಲಿ ಇಟ್ಟ ಪ್ರೋಗ್ರಾಂಗಳು ಕೆಡುತ್ತವೆ ಅಂತ ಊರೆಲ್ಲ ಹೆದರಿತ್ತಲ್ಲ, ಫಾಕ್ಸ್‌ಪ್ರೊ ಮಾಹಿತಿ ಇಡುವ ನಮ್ಮ ಡಿಬಿಎಫ್ ಫೈಲಿನಲ್ಲಿ ವರ್ಷ ಮೊದಲಿನಿಂದಲೂ ನಾಲ್ಕು ಅಂಕಿಯಲ್ಲೇ ಕೂರುತ್ತಿತ್ತು. ವರ್ಷ ಪೂರ್ತಿ ತೋರಿಸು ಅನ್ನುವ 'ಸೆಟ್ ಸೆಂಚುರಿ ಆನ್' ಹಾಕಿ, ಪರದೆಯಲ್ಲಿ ತಾರೀಖಿನ ಜಾಗ ಸ್ವಲ್ಪ ಹಿಗ್ಗಿಸಿದ್ದೇ ಜಾಸ್ತಿ ಕೆಲಸ.

ಕಾಟವೂ ಇದೆ. ನಡುವೆ ಕರೆಂಟ್ ಹೋದರೆ, ದಾಖಲೆ ಬೇಗ ಹುಡುಕಿಕೊಡುವ ಇಂಡೆಕ್ಸ್ ಕೆಡುತ್ತದೆ, ಫೋನ್ ಬರುತ್ತದೆ. ಒಂದು ಟೇಬಲ್ 2 ಜಿಬಿ ದಾಟುವಂತಿಲ್ಲ. ಮಂಡಿ ಲೆಕ್ಕ ಅದರ ಹತ್ತಿರಕ್ಕೂ ಬರಲ್ಲ ಬಿಡಿ. ನಿಜವಾದ ತಲೆನೋವು ಯೂನಿಕೋಡ್, ಅಂದರೆ ಎಲ್ಲ ಕಡೆ ಒಂದೇ ಥರ ಓದಿಸುವ ಅಕ್ಷರ ಸಂಕೇತ, ಇಲ್ಲದಿರುವುದು. ರೈತರ ಹೆಸರು ಇವತ್ತಿಗೂ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲೇ ಇದೆ. ಅದನ್ನು ಹಾಗೇ ಮೊಬೈಲಿಗೆ ಕಳಿಸಿದರೆ ಯಾರಿಗೂ ಓದಲಾಗದ ಗೀಚು. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಲೇ ಇಲ್ಲ, ಹಾಗಾಗಿ ಎಲ್ಲವನ್ನೂ 9ಕ್ಕೆ ಸಾಗಿಸಬೇಕಾಯಿತು.

ಮುಂದಿನ ಆವೃತ್ತಿ ಇಲ್ಲ ಎಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತು. 2015ರ ಜನವರಿಯಲ್ಲಿ ಸಪೋರ್ಟೂ ನಿಂತಿತು. ನನ್ನ ಗಿರಾಕಿಗಳಿಗೆ ಇದು ಗೊತ್ತೇ ಆಗಲಿಲ್ಲ. ಅವರು ತಲೆ ಕೆಡಿಸಿಕೊಂಡದ್ದು 2005ರ ವ್ಯಾಟ್‌ಗೆ, 2017ರ ಜಿಎಸ್‌ಟಿಗೆ. ಆಗ ಅವರಿಗೆ ಬೇಕಾಗಿದ್ದು ಮಂಡಿ ಲೆಕ್ಕ ಗೊತ್ತಿರುವ ಮನುಷ್ಯ. ಫಾಕ್ಸ್‌ಪ್ರೊ ಕಲಿಯೋಕೆ ಒಂದು ಬೇಸಿಗೆ ರಜೆ ಸಾಕಾಗಿತ್ತು. ದಲ್ಲಾಳಿ, ಮುಂಗಡ, ಬಡ್ಡಿ, ತೂಕದ ಲೆಕ್ಕ ತಲೆಗೆ ಹತ್ತೋಕೆ ವರ್ಷಗಳೇ ಹಿಡಿದವು. ಅನ್ನ ಹಾಕಿದ್ದೂ ಅದೇ.

ಕಂಪನಿ ನೌಕರಿ ಬೇಕು ಅನ್ನುವುದಾದರೆ ಈ ದಾರಿ ಬೇಡ. ಬಯೋಡೇಟಾದಲ್ಲಿ ಫಾಕ್ಸ್‌ಪ್ರೊ ಒಂದೇ ಇದ್ದರೆ ಬೆಂಗಳೂರಿನಲ್ಲಿ ಯಾರೂ ಕರೆಯಲ್ಲ. ನನ್ನ ಥರ ಸ್ವಂತ ಕೆಲಸ ಮಾಡೋದಾದರೂ ಈಗ ಪೈಥಾನ್ ಭಾಷೆ, ಎಸ್‌ಕ್ಯೂಲೈಟ್ ಡೇಟಾಬೇಸ್ ಹಿಡಿಯಿರಿ. ಎಸ್‌ಕ್ಯೂಲೈಟ್‌ನಲ್ಲಿ ಇಡೀ ಲೆಕ್ಕ ಒಂದೇ ಫೈಲಿನಲ್ಲಿ ಇರುತ್ತದೆ. ಸಂಜೆ ಅಂಗಡಿ ಮುಚ್ಚುವಾಗ ಪ್ರೋಗ್ರಾಂ ನಿಲ್ಲಿಸಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಬ್ಯಾಕಪ್ ಆಯಿತು. ಕನ್ನಡವೂ ಸರಿಯಾಗಿ ಕೂರುತ್ತದೆ.