ಕೇಳಿ, ಹೇಳ್ತೇನೆ: ಕಿರುಚುವ ಫೋನು, ಸಿಗ್ನಲ್ ಇಲ್ಲದ ಮನೆ

(ಟೆಲಿಫೋನ್ ಇಲಾಖೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು, ಈಗ ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವ ನಮ್ಮ ಅಂಕಣಕಾರರ ಉತ್ತರಗಳು.)

ಪ್ರಶ್ನೆ: 2023ರ ಅಕ್ಟೋಬರ್‌ನಲ್ಲಿ ಒಂದು ದಿನ ಮನೆಯಲ್ಲಿದ್ದ ಎಲ್ಲ ಫೋನೂ ಒಟ್ಟಿಗೆ ಕಿರುಚಿಕೊಂಡವು. ಅತ್ತೆ ಹೆದರಿ ಕೈಲಿದ್ದ ಪಾತ್ರೆ ಬೀಳಿಸಿದರು. ಆಮೇಲೆ ಮಗ ಅದೇನೋ ಆಫ್ ಮಾಡಿಟ್ಟಿದ್ದಾನೆ. ನಮ್ಮ ನಂಬರ್ ಸರ್ಕಾರದವರಿಗೆ ಕೊಟ್ಟವರು ಯಾರು? – ಗೃಹಿಣಿ, ಕೋಣಂದೂರು

ಯಾರೂ ಕೊಟ್ಟಿಲ್ಲ ತಾಯಿ, ಅದಕ್ಕೆ ನಂಬರ್ ಬೇಕಾಗೂ ಇಲ್ಲ. ಅವತ್ತು ನಾನು ಕ್ಷೌರದಂಗಡಿಯಲ್ಲಿ ಕೂತಿದ್ದೆ. ಕತ್ತಿ ನನ್ನ ಗಲ್ಲದ ಮೇಲೆ. ಅಂಗಡಿಯಲ್ಲಿದ್ದ ಐದು ಫೋನೂ ಒಂದೇ ಸಲ ಕೂಗಿದವು. ಪುಣ್ಯಕ್ಕೆ ಆತ ಕೈ ಎತ್ತಿ ಆಮೇಲೆ ಹೆದರಿದ!

ಅದು ದೂರಸಂಪರ್ಕ ಇಲಾಖೆ ಮತ್ತು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸೇರಿ ಮಾಡಿದ ಪರೀಕ್ಷೆ. ಸೆಲ್ ಬ್ರಾಡ್‌ಕಾಸ್ಟ್ ಅಂತಾರೆ. ತುಂಗೆ ಏರಿದಾಗ ಆಟೋಗೆ ಮೈಕ್ ಕಟ್ಟಿಕೊಂಡು ಹೊಳೆ ಬದಿಯ ಬೀದಿಗಳಲ್ಲಿ ಕೂಗ್ತಾ ಹೋಗ್ತಾರಲ್ಲ, ಆ ಆಟೋದವನಿಗೆ ನಿಮ್ಮ ಹೆಸರು ಗೊತ್ತಿರುತ್ತಾ? ಬೀದಿಯಲ್ಲಿದ್ದವರಿಗೆಲ್ಲ ಕೇಳುತ್ತೆ, ಅಷ್ಟೆ. ಟವರ್ ಕೂಡ ಹಾಗೇ ಕೂಗುತ್ತೆ. ಅದರ ವ್ಯಾಪ್ತಿಯಲ್ಲಿರುವ ಫೋನುಗಳೆಲ್ಲ ಕೇಳಿಸಿಕೊಳ್ಳುತ್ತವೆ. ಯಾವ ಫೋನ್ ಕೇಳಿಸಿಕೊಂಡಿತು ಅಂತ ಟವರಿಗೆ ಗೊತ್ತೇ ಆಗೋದಿಲ್ಲ. ಸೈಲೆಂಟ್‌ನಲ್ಲಿಟ್ಟರೂ ಅರಚಲಿ ಅಂತಲೇ ಆ ಸದ್ದು ಮಾಡಿಸಿದ್ದಾರೆ.

ಮಗನಿಗೆ ಹೇಳಿ, ಇವತ್ತೇ ಮತ್ತೆ ಆನ್ ಮಾಡಲಿ. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ಗೆ ಹೋಗಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಅಂತ ಹುಡುಕಿದರೆ ಸಿಗುತ್ತೆ. ಅತ್ತೆಯವರಿಗೂ ಮೊದಲೇ ತಿಳಿಸಿಡಿ, ಇನ್ನೊಂದು ಪಾತ್ರೆ ಉಳಿಯುತ್ತೆ.

ಪ್ರಶ್ನೆ: ಮಳೆಯ ಎಚ್ಚರಿಕೆ ನನಗೆ ಎಸ್ಸೆಮ್ಮೆಸ್ಸಾಗಿ ಬರುತ್ತೆ. ಎಷ್ಟೋ ಸಲ ಮಳೆ ನಿಂತ ಮೇಲೆ! ಇದೂ ಹಾಗೇನಾ? – ಓದುಗ, ವಿದ್ಯಾನಗರ, ಶಿವಮೊಗ್ಗ

ಅಲ್ಲ. ಎಸ್ಸೆಮ್ಮೆಸ್ ಪೋಸ್ಟ್‌ಮನ್ ಇದ್ದ ಹಾಗೆ, ಒಂದೊಂದು ಮನೆಗೂ ಹೋಗಬೇಕು. ಲಕ್ಷ ಜನಕ್ಕೆ ಕಳಿಸಿದರೆ ಲಕ್ಷ ಮೆಸೇಜು, ಸಾಲು ಬೆಳೆಯುತ್ತೆ. ಬ್ರಾಡ್‌ಕಾಸ್ಟ್‌ನಲ್ಲಿ ಟವರ್ ಎಲ್ಲರಿಗೂ ಒಟ್ಟಿಗೇ ಹೇಳುತ್ತೆ. ಹತ್ತು ಜನ ಇದ್ದರೂ ಅಷ್ಟೇ, ಹತ್ತು ಸಾವಿರ ಜನ ಇದ್ದರೂ ಅಷ್ಟೇ. ಎಲ್ಲರೂ ಒಟ್ಟಿಗೆ ಫೋನ್ ಮಾಡಿ ಲೈನ್ ಜಾಮ್ ಆಗಿದ್ದರೂ ಇದು ನುಸುಳಿಕೊಂಡು ಬರುತ್ತೆ.

ಗಾಜನೂರು ಅಣೆಕಟ್ಟಿನ ಗೇಟ್ ಎತ್ತಿದಾಗ ನೀವು ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿತಾ ಅಂತ ನೋಡೋಕೆ ಹೋಗ್ತೀರಲ್ಲ, ಆ ಹೊಳೆ ಬದಿಯ ಟವರುಗಳಿಂದ ಮಾತ್ರ ಕಳಿಸಬಹುದು. ಸಾಗರದವರ ನಿದ್ದೆ ಕೆಡಿಸಬೇಕಾಗಿಲ್ಲ. ಅಂದರೆ ಇದು ಫೋನ್ ಎಲ್ಲಿದೆಯೋ ಅಲ್ಲಿಗೆ ಬರುತ್ತೆ, ಸಿಮ್ ಎಲ್ಲಿ ತಗೊಂಡಿರಿ ಅನ್ನೋದು ಲೆಕ್ಕಕ್ಕಿಲ್ಲ. ಜೋಗ ನೋಡೋಕೆ ಬಂದ ಬೆಂಗಳೂರಿನವರಿಗೂ ಇಲ್ಲಿನ ಎಚ್ಚರಿಕೆ ಸಿಗುತ್ತೆ. ಆದರೆ ಬೆಂಗಳೂರಿನಲ್ಲಿರೋ ಮಗನಿಗೆ ಊರಲ್ಲಿ ಅಪ್ಪ-ಅಮ್ಮನ ಫೋನ್ ಕೂಗಿದ್ದು ತಿಳಿಯೋದಿಲ್ಲ. ಅವನಿಗೆ ಮನೆಯವರೇ ಹೇಳಬೇಕು.

ಪ್ರಶ್ನೆ: ನಮ್ಮ ಮನೆ ಕಣಿವೆಯಲ್ಲಿದೆ. ಫೋನ್ ಮಾಡಬೇಕಂದ್ರೆ ಗುಡ್ಡ ಹತ್ತಬೇಕು. ಈಗ ಫೈಬರ್ ಹಾಕಿಸಿಕೊಂಡು ವೈಫೈನಲ್ಲೇ ಮಾತಾಡ್ತೀವಿ. ನಮಗೆ ಈ ಎಚ್ಚರಿಕೆ ಬರುತ್ತಾ? – ಕೃಷಿಕ, ಹೊಸನಗರ ತಾಲ್ಲೂಕು

ಬರೋದಿಲ್ಲ. ಸಿಹಿ ಸುಳ್ಳು ಹೇಳಿ ಪ್ರಯೋಜನ ಇಲ್ಲ.

ನಮ್ಮ ಮನೆಯದೂ ಇದೇ ಕತೆ. ಜಗಲಿ ಕಂಬದ ಎಡಗಡೆ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತು ಹಾಕಿದ್ದೇವೆ. ಅದರೊಳಗಿಟ್ಟರೆ ಒಂದು ಕಡ್ಡಿ ಸಿಗ್ನಲ್. ಬಲಗಡೆ ಮೊಳೆಗೆ ಇಲ್ಲ! ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ಯಾಕೆ ಅಂತ ನನ್ನ ಹೆಂಡತಿ ಇವತ್ತಿಗೂ ಕೇಳ್ತಾಳೆ.

ಬ್ರಾಡ್‌ಕಾಸ್ಟ್ ಬರೋದು ಟವರಿನ ಸಿಗ್ನಲ್ ಮೇಲೆ. ವೈಫೈನಲ್ಲಿ ಮಾತು ಹೋಗುತ್ತೆ, ವಾಟ್ಸಾಪ್ ಹೋಗುತ್ತೆ, ಇದು ಬರೋದಿಲ್ಲ. ಗುಡ್ಡ ಹತ್ತಿದಾಗ ಸಿಗಬಹುದು. ಎಚ್ಚರಿಕೆಯನ್ನು ಒಂದೇ ಸಲ ಕೂಗಿ ಬಿಡೋದಿಲ್ಲ, ಸ್ವಲ್ಪ ಹೊತ್ತು ಮತ್ತೆ ಮತ್ತೆ ಹೇಳುತ್ತಿರುತ್ತಾರೆ. ಅಷ್ಟರೊಳಗೆ ನೀವು ಸಿಗ್ನಲ್‌ಗೆ ಬಂದರೆ ಫೋನ್ ಹಿಡಿದುಕೊಳ್ಳುತ್ತೆ. ಆದರೆ ಧೋ ಅಂತ ಸುರಿಯುವಾಗ ಎಚ್ಚರಿಕೆ ಕೇಳೋಕೆ ಗುಡ್ಡ ಹತ್ತುವವರು ಯಾರು?

ಇನ್ನು ಟವರ್ ಇದ್ದ ಊರಲ್ಲೂ ಆಷಾಢದಲ್ಲಿ ನೋಡಬೇಕು. ಹೋದ ವರ್ಷ ಮೂರು ದಿನ ಕರೆಂಟ್ ಇರಲಿಲ್ಲ. ನಮ್ಮ ಕಡೆಯ ಟವರಿನ ಬ್ಯಾಟರಿ ಮೊದಲ ದಿನವೇ ಮುಗಿಯಿತು. ಡೀಸೆಲ್ ಹಾಕೋಕೆ ಯಾರೂ ಬರಲಿಲ್ಲ. ಹಳೇ ತಂತಿ ಫೋನುಗಳಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಹೋಗುತ್ತಿತ್ತು. ಮನೆ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ನಾನೇ ಎಳೆದ ತಂತಿಗಳಲ್ಲಿ ಈಗ ಜನ ಬಟ್ಟೆ ಒಣಗಿಸ್ತಾರೆ.

ನೀವು ಒಂದು ಕೆಲಸ ಮಾಡಿ. ವಿಪತ್ತು ಪ್ರಾಧಿಕಾರದ್ದೇ ‘ಸಚೇತ್’ ಅಂತ ಆ್ಯಪ್ ಇದೆ. ಅದು ಇಂಟರ್‌ನೆಟ್‌ನಲ್ಲಿ ನಡೆಯೋದರಿಂದ ನಿಮ್ಮ ವೈಫೈಗೂ ಬರುತ್ತೆ. ಸಿಡಿಲಿಗೆ ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಇದೆ. ಫೈಬರಿನ ಡಬ್ಬಿಗೂ ಕರೆಂಟ್ ಬೇಕು, ಅದಕ್ಕೊಂದು ಸಣ್ಣ ಬ್ಯಾಟರಿ ಇಡಿ. ಮೇಲಿನ ಮನೆಯವರ ಹತ್ತಿರ ಒಂದು ಮಾತಾಡಿಕೊಳ್ಳಿ, ಅವರ ಫೋನ್ ಕೂಗಿದರೆ ಒಬ್ಬರು ಟಾರ್ಚ್ ಹಿಡಿದು ಕೆಳಗೆ ಬರಲಿ. ನಮ್ಮ ಕೇರಿಯಲ್ಲಿ ಹಾಗೇ ಮಾಡಿಕೊಂಡಿದ್ದೇವೆ. ಜಿಲ್ಲಾಡಳಿತದ ಸಹಾಯವಾಣಿ 1077. ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ.

ಪ್ರಶ್ನೆ: ‘ಲಿಂಗನಮಕ್ಕಿ ಒಡೆದಿದೆ, ಎಲ್ಲರಿಗೂ ಕಳಿಸಿ’ ಅಂತ ವಾಟ್ಸಾಪ್‌ನಲ್ಲಿ ಬಂತು. ನಂಬೋದಾ? – ವಿದ್ಯಾರ್ಥಿನಿ, ಸಾಗರ

‘ಎಲ್ಲರಿಗೂ ಕಳಿಸಿ’ ಅಂದಾಗಲೇ ನಂಬಬೇಡಿ. ಟವರಿನಿಂದ ಬರೋ ಎಚ್ಚರಿಕೆ ವಾಟ್ಸಾಪ್ ಒಳಗೆ ಬರೋದಿಲ್ಲ, ಪರದೆ ಮೇಲೆ ತಾನೇ ತೆರೆದುಕೊಳ್ಳುತ್ತೆ. ಒಟಿಪಿಯನ್ನಂತೂ ಕೇಳೋದೇ ಇಲ್ಲ.

ಪ್ರಶ್ನೆ: ನನ್ನದು ಕೀಪ್ಯಾಡ್ ಫೋನ್. ನನಗೇನೂ ಇಲ್ವಾ? – ಹಿರಿಯ ಓದುಗ, ಆಗುಂಬೆ

ಇದೆ ರಾಯರೇ, ಎಷ್ಟೋ ಕೀಪ್ಯಾಡ್ ಫೋನಿಗೂ ಬರುತ್ತೆ. ಕನ್ನಡ ಅಕ್ಷರ ಇಲ್ಲದ ಹಳೇ ಫೋನಾದರೆ ಬರೀ ಚೌಕ ಚೌಕ ಕಾಣಬಹುದು. ಈ ವಿದ್ಯೆ ಹೊಸದೂ ಅಲ್ಲ. ಮೊದಲು ನೋಕಿಯಾ ಫೋನಿನ ಪರದೆ ಮೇಲೆ ಊರಿನ ಹೆಸರು ಬರುತ್ತಿತ್ತು, ನೆನಪಿದೆಯಾ? ಅದೂ ಇದೇ ಸೆಲ್ ಬ್ರಾಡ್‌ಕಾಸ್ಟ್. ರಾತ್ರಿ ಬಸ್ಸಿನಲ್ಲಿ ಕಣ್ಣು ಬಿಟ್ಟು ಫೋನ್ ನೋಡಿದರೆ ಸಾಕು, ತೀರ್ಥಹಳ್ಳಿ ಬಂತೋ ಇಲ್ಲವೋ ಗೊತ್ತಾಗುತ್ತಿತ್ತು. ಕಂಡಕ್ಟರನ್ನು ಕೇಳಿ ಬೈಸಿಕೊಳ್ಳೋದು ತಪ್ಪುತ್ತಿತ್ತು.